ಬಿಸಿ ನೀರಲ್ಲೂ ಉಪ್ಪು ಅಷ್ಟೇನಾ ಕರಗೋದು? – ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಐದು ಒಂದೇ ವಿಷಯದ ಸುತ್ತ ಇವೆ: ನೀರು, ಲವಣ, ಬಿಸಿ. ಹಾಗಾಗಿ ಉಳಿದವನ್ನೆಲ್ಲ ಮುಂದಕ್ಕೆ ಹಾಕಿ ಇವನ್ನೇ ಒಟ್ಟಿಗೆ ತಗೊಂಡಿದೀನಿ. ಮೊದಲನೇ ಉತ್ತರ ಸ್ವಲ್ಪ ಉದ್ದ ಆಯ್ತು, ಅದು ಗೊತ್ತಾದ್ರೆ ಉಳಿದಿದ್ದು ಸಲೀಸು.

ಪ್ರಶ್ನೆ: ನಾನು ಹತ್ತನೇ ಕ್ಲಾಸು. ಪ್ರಾಜೆಕ್ಟ್‌ಗೆ ಅಂತ ಉಪ್ಪು ತಣ್ಣೀರಲ್ಲಿ ಎಷ್ಟು ಕರಗುತ್ತೆ, ಬಿಸಿನೀರಲ್ಲಿ ಎಷ್ಟು ಕರಗುತ್ತೆ ಅಂತ ನೋಡ್ದೆ. 100 ಮಿಲಿ ನೀರಿಗೆ 20 ಡಿಗ್ರಿಯಲ್ಲಿ 36 ಗ್ರಾಂ ಆದ್ಮೇಲೆ ತಳದಲ್ಲಿ ಉಳಿಯೋಕೆ ಶುರುವಾಯ್ತು, 80 ಡಿಗ್ರಿ ನೀರಲ್ಲಿ 37 ಗ್ರಾಂಗೆ ನಿಂತೋಯ್ತು. ಬಿಸಿ ನೀರಲ್ಲಿ ತುಂಬಾ ಜಾಸ್ತಿ ಕರಗ್ಬೇಕಲ್ವಾ? ಟೀಚರ್ ಎಲ್ಲೋ ತಪ್ಪು ಮಾಡಿದೀಯ ಇನ್ನೊಂದ್ಸಲ ಮಾಡು ಅಂದ್ರು. ಮೂರು ಸಲ ಮಾಡಿದೀನಿ, ಅಷ್ಟೇ ಬರ್ತಿದೆ.

ಉತ್ತರ: ನಾಲ್ಕನೇ ಸಲ ಮಾಡ್ಬೇಡ. ನಿನ್ನ ಲೆಕ್ಕ ಸರಿಯಾಗೇ ಇದೆ.

ಅಡುಗೆ ಉಪ್ಪು ಅಂದ್ರೆ ಸೋಡಿಯಂ ಕ್ಲೋರೈಡ್. ಅದು 100 ಗ್ರಾಂ ನೀರಲ್ಲಿ 0 ಡಿಗ್ರಿಗೆ 35.7 ಗ್ರಾಂ, 20 ಡಿಗ್ರಿಗೆ 35.9 ಗ್ರಾಂ, 80 ಡಿಗ್ರಿಗೆ ಹತ್ತಿರ ಹತ್ತಿರ 38 ಗ್ರಾಂ, ನೀರು ಕುದಿಯೋ 100 ಡಿಗ್ರಿಗೆ ಬಂದ್ರೂ 39 ಗ್ರಾಂ ಅಷ್ಟೇ. ಮಂಜುಗಡ್ಡೆ ಕರಗಿದ ನೀರಿಂದ ಹಿಡಿದು ಕುದಿಯೋ ನೀರಿನ ತನಕ ಹೋದ್ರೂ ಬರೀ ಮೂರು ಗ್ರಾಂ ಚಿಲ್ಲರೆ ವ್ಯತ್ಯಾಸ. ಗ್ರಾಫ್ ಹಾಕಿದ್ರೆ ಗೆರೆ ಮಲಗಿಕೊಂಡಿರುತ್ತೆ.

ಹಾಗಾದ್ರೆ 38 ಬರ್ಬೇಕಿತ್ತಲ್ಲ ನಂಗೆ 37 ಯಾಕೆ ಬಂತು ಅಂತೀಯಾ? ನೀನು ನೀರನ್ನ ಮಿಲಿಯಲ್ಲಿ ಅಳೆದಿದೀಯ. ಪುಸ್ತಕದ ಟೇಬಲ್‌ಗಳೆಲ್ಲ ಸಾಮಾನ್ಯವಾಗಿ 100 ಗ್ರಾಂ ನೀರಿಗೆ ಇರ್ತವೆ. ನೀರು ಬಿಸಿಯಾದ್ರೆ ಹಿಗ್ಗುತ್ತೆ, 80 ಡಿಗ್ರಿಯಲ್ಲಿ 100 ಮಿಲಿ ನೀರಿನ ತೂಕ ಸುಮಾರು 97 ಗ್ರಾಂ. ಬಿಸಿ ಮಾಡಿದ ಮೇಲೆ ಅಳೆದಿದ್ರೆ ನಿನ್ನ ಬೀಕರಲ್ಲಿ ಇದ್ದಿದ್ದು 97 ಗ್ರಾಂ ನೀರು, ಅದರಲ್ಲಿ ಕರಗೋದು 36.9 ಗ್ರಾಂ. ನಿಂಗೆ ಬಂದಿದ್ದು 37! ನಿಜ ಹೇಳ್ಬೇಕಂದ್ರೆ ಮನೇಲಿ ಮಾಡಿದ ಪ್ರಯೋಗ ಇಷ್ಟು ಹತ್ತಿರ ಬರೋದು ಅಪರೂಪ, ಟೀಚರ್‌ಗೆ ಈ ಪುಟ ತೋರಿಸು.

ಈಗ ಈ ಗೊಂದಲ ಹುಟ್ಟೋದು ಎಲ್ಲಿ ಅಂತ ನೋಡೋಣ. "ಬೇಗ ಕರಗೋದು" ಬೇರೆ, "ಜಾಸ್ತಿ ಕರಗೋದು" ಬೇರೆ. ಬಿಸಿ ನೀರಿಗೆ ಒಂದು ಚಮಚ ಉಪ್ಪು ಹಾಕಿ ತಿರುಗಿಸಿದ್ರೆ ನೋಡ್ತಾ ನೋಡ್ತಾ ಮಾಯ ಆಗುತ್ತೆ, ತಣ್ಣೀರಲ್ಲಿ ಅದೇ ಒಂದು ಚಮಚ ತಳದಲ್ಲಿ ಸುಮಾರು ಹೊತ್ತು ಸುತ್ತುತ್ತಾ ಇರುತ್ತೆ, ಅದನ್ನ ನೋಡಿ ನೋಡಿ ನಮ್ಮ ತಲೇಲಿ ಬಿಸಿ ಅಂದ್ರೆ ಜಾಸ್ತಿ ಅಂತ ಕೂತುಬಿಟ್ಟಿದೆ. ಆದ್ರೆ ಅದು ಸ್ಪೀಡಿನ ಮಾತು. ಬಸ್ಸು ಬೇಗ ತುಂಬಿತು ಅಂದ ಮಾತ್ರಕ್ಕೆ ಸೀಟು ಜಾಸ್ತಿ ಇದೆ ಅಂತ ಅಲ್ವಲ್ಲ. ಎಷ್ಟು ಸೀಟಿದೆ ಅನ್ನೋದಕ್ಕೆ ವಿಲೀನತೆ ಅಂತಾರೆ, ಸೀಟೆಲ್ಲ ತುಂಬಿದ ದ್ರಾವಣಕ್ಕೆ ಪರ್ಯಾಪ್ತ ದ್ರಾವಣ ಅಂತಾರೆ. ತಣ್ಣೀರಲ್ಲೂ ತಾಳ್ಮೆಯಿಂದ ತಿರುಗಿಸ್ತಾ ಇದ್ರೆ ಹೆಚ್ಚುಕಮ್ಮಿ ಅಷ್ಟೇ ಉಪ್ಪು ಕರಗುತ್ತೆ, ಟೈಮ್ ಹಿಡಿಯುತ್ತೆ ಅಷ್ಟೇ.

ಇದೇ ಪ್ರಯೋಗನ ಪೆಟ್ಲುಪ್ಪಲ್ಲಿ ಮಾಡಿದ್ದಿದ್ರೆ ಟೀಚರ್ ಹೇಳಿದ ಹಾಗೇ ಬರ್ತಿತ್ತು. ಪೆಟ್ಲುಪ್ಪು ಅಂದ್ರೆ ಪೊಟ್ಯಾಸಿಯಂ ನೈಟ್ರೇಟ್. 0 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 13 ಗ್ರಾಂ, 20 ಡಿಗ್ರಿಗೆ 32, 80 ಡಿಗ್ರಿಗೆ 169, 100 ಡಿಗ್ರಿಗೆ 245ರ ಆಸುಪಾಸು. ಅದರ ಗೆರೆ ಗೋಡೆ ಹತ್ತಿದ ಹಾಗೆ ಏರುತ್ತೆ. ಮೈಲುತುತ್ತ ನಡುವಿನದು, ನೀಲಿ ಹರಳಿನ ಲೆಕ್ಕದಲ್ಲಿ 20 ಡಿಗ್ರಿಗೆ 32 ಗ್ರಾಂ, 100 ಡಿಗ್ರಿಗೆ 114 ಗ್ರಾಂ. ತಮಾಷೆ ಏನಂದ್ರೆ 20 ಡಿಗ್ರಿಯಲ್ಲಿ ಪೆಟ್ಲುಪ್ಪಿಗಿಂತ ಅಡುಗೆ ಉಪ್ಪೇ ಜಾಸ್ತಿ ಕರಗೋದು. ಇನ್ನೊಂದು ನಾಲ್ಕೈದು ಡಿಗ್ರಿ ಬಿಸಿ ಮಾಡಿದ್ರೆ ಸಾಕು, ಪೆಟ್ಲುಪ್ಪು ಹಿಂದೆ ಹಾಕಿಬಿಡುತ್ತೆ.

ಯಾಕೆ ಹೀಗೆ? ಲವಣದ ಹರಳಲ್ಲಿ ಪ್ಲಸ್ ಅಯಾನು ಮೈನಸ್ ಅಯಾನು (ಅಯಾನು ಅಂದ್ರೆ ವಿದ್ಯುದಂಶ ಇರೋ ಕಣ) ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿರ್ತವೆ, ಬಿಡಿಸೋಕೆ ಶಕ್ತಿ ಬೇಕು. ಬಿಡಿಸಿಕೊಂಡ ಅಯಾನುಗಳನ್ನ ನೀರಿನ ಅಣುಗಳು ಸುತ್ತುವರಿದಾಗ ಶಕ್ತಿ ವಾಪಸ್ ಸಿಗುತ್ತೆ. ಅಡುಗೆ ಉಪ್ಪಲ್ಲಿ ಒಂದು ಮೋಲ್ (ಡಜನ್ ಇದ್ದ ಹಾಗೆ, ಕಣಗಳನ್ನ ಎಣಿಸೋ ಒಂದು ದೊಡ್ಡ ಲೆಕ್ಕ) ಅಂದ್ರೆ 58.5 ಗ್ರಾಂ ಹರಳನ್ನ ಪೂರ್ತಿ ಬಿಡಿಸೋಕೆ 787 ಕಿಲೋಜೂಲ್ ಬೇಕು, ನೀರು ವಾಪಸ್ ಕೊಡೋದು ಸುಮಾರು 783. ಖರ್ಚಿಗೂ ಆದಾಯಕ್ಕೂ ನಾಲ್ಕು ಕಿಲೋಜೂಲ್ ವ್ಯತ್ಯಾಸ, ಅಷ್ಟು ಮಾತ್ರ ಹೊರಗಿಂದ ಬರ್ಬೇಕು. ಪೆಟ್ಲುಪ್ಪಿಗೆ ಈ ಕೊರತೆ 35 ಕಿಲೋಜೂಲ್. ಕರಗೋಕೆ ಹೊರಗಿನ ಬಿಸಿ ಜಾಸ್ತಿ ಬೇಡೋ ಲವಣಕ್ಕೆ ಬಿಸಿ ಕೊಟ್ರೆ ಅದು ಜಾಸ್ತಿ ಕರಗುತ್ತೆ, ಬೇಡದೇ ಇರೋದಕ್ಕೆ ಕೊಟ್ರೂ ಅಷ್ಟೇ ಬಿಟ್ರೂ ಅಷ್ಟೇ. ಡಚ್ ವಿಜ್ಞಾನಿ ವಾಂಟ್ ಹಾಫ್ ಇದಕ್ಕೆ ಗಣಿತದ ರೂಪ ಕೊಟ್ಟರು, 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಂದಿದ್ದು ಅವರಿಗೇ.

ಇದನ್ನ ಥರ್ಮಾಮೀಟರಲ್ಲಿ ಕಣ್ಣಾರೆ ನೋಡ್ಬಹುದು. 100 ಗ್ರಾಂ ನೀರಿಗೆ 10 ಗ್ರಾಂ ಪೆಟ್ಲುಪ್ಪು ಹಾಕಿ ಬೇಗ ಬೇಗ ತಿರುಗಿಸು, ನೀರು ಆರೇಳು ಡಿಗ್ರಿ ತಣ್ಣಗಾಗುತ್ತೆ, ಬೀಕರ್ ಹಿಡ್ಕೊಂಡ ಕೈಗೇ ಗೊತ್ತಾಗುತ್ತೆ. ಅಡುಗೆ ಉಪ್ಪು 10 ಗ್ರಾಂ ಹಾಕಿದ್ರೆ ಒಂದು ಡಿಗ್ರಿ ಹೆಚ್ಚುಕಮ್ಮಿ ಇಳಿದ್ರೆ ದೊಡ್ಡದು. ಪ್ರಾಜೆಕ್ಟ್‌ಗೆ ಇದನ್ನೂ ಸೇರಿಸು, ಎರಡು ಗ್ರಾಫು ಪಕ್ಕಪಕ್ಕ ಇಟ್ರೆ ಚೆನ್ನಾಗಿರುತ್ತೆ.

ಒಂದು ಎಚ್ಚರಿಕೆ, ಇದು ನಾನೇ ಅನುಭವಿಸಿದ್ದು. ನಾನು ಓದೋವಾಗ ಲ್ಯಾಬಲ್ಲಿ ಪೆಟ್ಲುಪ್ಪಿನ ಬಿಸಿ ದ್ರಾವಣನ ಸೋಸೋಣ ಅಂತ ಗಾಜಿನ ಫನಲ್‌ಗೆ ಸುರಿದೆ. ಫನಲ್ ತಣ್ಣಗಿತ್ತು, ಅದು ತಲೆಗೇ ಬಂದಿರ್ಲಿಲ್ಲ. ಮೊದಲು ನಾಲ್ಕು ಹನಿ ಇಳೀತು, ಆಮೇಲೆ ಫನಲಿನ ಕಾಲೊಳಗೆ ಬಿಳಿ ಸೂಜಿಗಳು ಒಂದಕ್ಕೊಂದು ಅಡ್ಡ ಬೆಳೆದು ಕೊಳವೆ ಪೂರ್ತಿ ಕಟ್ಟಿಕೊಂಡುಬಿಡ್ತು, ಮೇಲಿಂದ ದ್ರಾವಣ ಇಳೀತಾ ಇಲ್ಲ, ಫಿಲ್ಟರ್ ಪೇಪರ್ ಮೇಲೆಲ್ಲ ಹರಳು, ಗಾಬರಿಯಲ್ಲಿ ಕಡ್ಡಿ ಹಾಕಿ ಚುಚ್ಚಿ ಪೇಪರೂ ಹರೀತು. ಹಾಗಾಗಿ ಸೋಸೋ ಮುಂಚೆ ಫನಲ್‌ಗೆ ಕುದಿಯೋ ನೀರು ಹಾಕಿ ಬಿಸಿ ಮಾಡ್ಕೋ. ಇನ್ನೂ ಸುಲಭ ಅಂದ್ರೆ ಸೋಸೋಕೇ ಹೋಗ್ಬೇಡ, ತಳದಲ್ಲಿ ಕರಗದ ಲವಣ ಉಳಿದಿರೋ ಹಾಗೇ ಹತ್ತು ಹದಿನೈದು ನಿಮಿಷ ಒಂದೇ ತಾಪಮಾನದಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನ ಬಿಸಿ ಮಾಡಿದ ಪಿಪೆಟಲ್ಲಿ ತೆಗೆದು, ತೂಕ ಮಾಡಿ, ಪೂರ್ತಿ ಆವಿ ಮಾಡಿ ಉಳಿದ ಲವಣನ ತೂಗು. ಆವಿ ಮಾಡೋವಾಗ ಕೊನೇಲಿ ಉಪ್ಪು ಚಟಪಟ ಸಿಡಿಯುತ್ತೆ, ಮೇಲೆ ಮುಚ್ಚಳ ಇರಲಿ, ಕಣ್ಣಿಗೆ ಕನ್ನಡಕ ಇರಲಿ.

ಪ್ರಶ್ನೆ: ಬಿಸಿ ಮಾಡಿದ್ರೆ ಕಮ್ಮಿ ಕರಗೋ ಲವಣ ಇದೆಯಾ? ಇದೆ ಅಂತ ಫ್ರೆಂಡ್ ಬೆಟ್ ಕಟ್ಟಿದಾನೆ. ನಾನು ಇಲ್ಲ ಅಂದಿದೀನಿ.

ಉತ್ತರ: ಬೆಟ್ ಸೋತ್ರಿ.

ಒಂದಲ್ಲ, ಸುಮಾರಿದೆ. ಲಿಥಿಯಂ ಕಾರ್ಬೊನೇಟ್ 0 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ ಒಂದೂವರೆ ಗ್ರಾಂ ಕರಗಿದ್ರೆ 100 ಡಿಗ್ರಿಯಲ್ಲಿ 0.7 ಗ್ರಾಂ, ಅಂದ್ರೆ ಅರ್ಧಕ್ಕಿಂತ ಕಮ್ಮಿ. ಸುಣ್ಣ, ಅಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ (ಅದು ಲವಣ ಅಲ್ಲ ಕ್ಷಾರ ಅಂತ ಯಾರಾದ್ರೂ ಜಗಳಕ್ಕೆ ಬರೋ ಮುಂಚೆ ನಾನೇ ಹೇಳ್ಬಿಡ್ತೀನಿ), 0 ಡಿಗ್ರಿಯಲ್ಲಿ 0.19 ಗ್ರಾಂ, 100 ಡಿಗ್ರಿಯಲ್ಲಿ 0.07 ಗ್ರಾಂ. ಇದನ್ನ ನೋಡೋದು ಸುಲಭ. ಸುಣ್ಣದ ತಿಳಿನೀರನ್ನ ಚೆನ್ನಾಗಿ ಸೋಸಿ ಟೆಸ್ಟ್ ಟ್ಯೂಬಲ್ಲಿ ನಿಧಾನಕ್ಕೆ ಬಿಸಿ ಮಾಡಿ, ಗಾಜಿನ ಥರ ಇದ್ದ ನೀರು ಹಾಲು ಬೆರೆತ ಹಾಗೆ ಮಸುಕಾಗುತ್ತೆ. ಉಸಿರು ಊದಿದ್ರೂ ಅದು ಬೆಳ್ಳಗಾಗುತ್ತೆ ಅಂತ ಸ್ಕೂಲಲ್ಲಿ ನೋಡಿರ್ತೀರ, ಆದ್ರೆ ಅಲ್ಲಿ ಹುಟ್ಟೋದು ಕಾರ್ಬೊನೇಟ್, ಇಲ್ಲಿ ಹೊರಗೆ ಬಂದಿರೋದು ಸುಣ್ಣವೇ. ಟ್ಯೂಬಿಗೆ ಬಿರಡೆ ಹಾಕಿ ತಣ್ಣಗಾಗೋಕೆ ಬಿಟ್ಟು ಅಲ್ಲಾಡಿಸ್ತಾ ಇದ್ರೆ ಬಿಸಿಯಿಂದ ಬಂದ ಮಸುಕು ನಿಧಾನಕ್ಕೆ ವಾಪಸ್ ಕರಗುತ್ತೆ, ಉಸಿರಿನ ಮಸುಕು ಹಾಗೇ ಉಳಿಯುತ್ತೆ.

ಎಲ್ಲಕ್ಕಿಂತ ನಂಗೆ ಇಷ್ಟ ಸೋಡಿಯಂ ಸಲ್ಫೇಟ್. ಅದು 0 ಡಿಗ್ರಿಯಲ್ಲಿ 5 ಗ್ರಾಂ, 20ಕ್ಕೆ 19 ಗ್ರಾಂ ಚಿಲ್ಲರೆ, ಹಾಗೇ ಜೋರಾಗಿ ಏರ್ತಾ 32.4 ಡಿಗ್ರಿಗೆ ಬಂದಾಗ ಸುಮಾರು 50 ಗ್ರಾಂ ಮುಟ್ಟುತ್ತೆ, ಅಲ್ಲಿ ಗೆರೆ ಮುರಿದು ಕೆಳಕ್ಕೆ ತಿರುಗುತ್ತೆ, 100 ಡಿಗ್ರಿಗೆ ಹೋಗೋ ಹೊತ್ತಿಗೆ 42. ಗ್ರಾಫಲ್ಲಿ ಗುಡ್ಡದ ತುದಿ ಥರ ಚೂಪಾಗಿ ಕಾಣುತ್ತೆ. ಯಾಕಪ್ಪಾ ಅಂದ್ರೆ ತಳದಲ್ಲಿ ಕೂತಿರೋ ಹರಳೇ ಬೇರೆ ಆಗಿರುತ್ತೆ! 32.4ರ ಕೆಳಗೆ ಅದು ಹತ್ತು ನೀರಿನ ಅಣುಗಳನ್ನ ಮೈಯಲ್ಲಿ ಕಟ್ಟಿಕೊಂಡಿರೋ ಗ್ಲೌಬರ್ ಲವಣ, ಮೇಲೆ ಹೋದ್ರೆ ನೀರೆಲ್ಲ ಬಿಟ್ಟ ಒಣ ಸೋಡಿಯಂ ಸಲ್ಫೇಟ್. ನೀರು ಕಟ್ಟಿಕೊಂಡಿರೋದು ಕರಗೋವಾಗ ಬಿಸಿ ಹೀರುತ್ತೆ, ಒಣದು ಕರಗೋವಾಗ ಬಿಸಿ ಬಿಡುತ್ತೆ, ಹಾಗಾಗಿ ಒಂದರ ಗೆರೆ ಮೇಲಕ್ಕೆ ಇನ್ನೊಂದರದ್ದು ಕೆಳಕ್ಕೆ. 17ನೇ ಶತಮಾನದ ಯೋಹಾನ್ ಗ್ಲೌಬರ್ ಅದನ್ನ ಅದ್ಭುತ ಲವಣ ಅಂತ ಕರೆದಿದ್ದ. ಅವನು ಔಷಧಿಯ ದೃಷ್ಟಿಯಿಂದ ಹಾಗಂದಿದ್ದು, ನಾನು ಈ ಗ್ರಾಫ್ ನೋಡಿ ಒಪ್ಕೋತೀನಿ.

ಪ್ರಕೃತಿಯಲ್ಲೂ ಇದೆ. ಮೆಕ್ಸಿಕೋದ ನೈಕಾ ಗಣಿಯಲ್ಲಿ 2000ನೇ ಇಸವಿಯಲ್ಲಿ ಒಂದು ಗುಹೆ ಸಿಕ್ತು, ಅದರ ತುಂಬ ಜಿಪ್ಸಂ ಹರಳುಗಳು, ದೊಡ್ಡವು ಹನ್ನೊಂದು ಮೀಟರ್ ಉದ್ದ, ಮನುಷ್ಯರು ಪಕ್ಕದಲ್ಲಿ ನಿಂತ್ರೆ ಇರುವೆ ಥರ ಕಾಣ್ತಾರೆ. ಅಲ್ಲಿ ತುಂಬಿದ್ದ ನೀರು 58 ಡಿಗ್ರಿ ಆಸುಪಾಸಲ್ಲಿ ಲಕ್ಷಾಂತರ ವರ್ಷ ಇತ್ತು. ಕ್ಯಾಲ್ಸಿಯಂ ಸಲ್ಫೇಟಿನ ಒಣ ರೂಪ ಅನ್‌ಹೈಡ್ರೈಟ್ ಮತ್ತೆ ನೀರಿರೋ ರೂಪ ಜಿಪ್ಸಂ, ಇವೆರಡರ ವಿಲೀನತೆ ಹೆಚ್ಚುಕಮ್ಮಿ ಸಮ ಆಗೋದು ಆ ತಾಪಮಾನದಲ್ಲೇ. ಅದಕ್ಕಿಂತ ಕೂದಲೆಳೆಯಷ್ಟು ತಣ್ಣಗಾದ್ರೆ ಅನ್‌ಹೈಡ್ರೈಟ್ ಕರಗ್ತಾ ಹೋಗುತ್ತೆ, ಜಿಪ್ಸಂ ಕೂರ್ತಾ ಹೋಗುತ್ತೆ, ಅದೂ ಎಷ್ಟು ನಿಧಾನಕ್ಕೆ ಅಂದ್ರೆ ಹೊಸ ಹರಳು ಹುಟ್ಟೋಕೆ ಅವಕಾಶವೇ ಕಮ್ಮಿ, ಇರೋ ನಾಲ್ಕೇ ದೊಡ್ಡದಾಗ್ತಾ ಹೋಗ್ತವೆ.

ಮನೆ ಗೀಸರಿನ ಕಾಯಿಲ್ ಮೇಲೆ ಕಟ್ಟೋ ಬಿಳಿ ಪದರನೂ ಇದರ ನೆಂಟನೇ, ಪೂರ್ತಿ ಅದೇ ಅಲ್ಲ. ಗಡಸು ನೀರಲ್ಲಿ ಕ್ಯಾಲ್ಸಿಯಂ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತೆ, ಬಿಸಿಯಾದಾಗ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕರಗದ ಕಾರ್ಬೊನೇಟ್ ಉಳಿಯುತ್ತೆ. ಅಲ್ಲಿ ಬರೀ ವಿಲೀನತೆ ಕಮ್ಮಿ ಆಗಿದ್ದಲ್ಲ, ವಸ್ತುವೇ ಬದಲಾಗಿರೋದು. ನೀರಲ್ಲಿ ಎಲ್ಲಕ್ಕಿಂತ ಬಿಸಿ ಇರೋ ಜಾಗ ಕಾಯಿಲ್, ಅದಕ್ಕೇ ಪದರ ಮೊದಲು ಅಲ್ಲೇ ಕಟ್ಟೋದು.

ಪ್ರಶ್ನೆ: ಕಾಸ್ಟಿಕ್ ಸೋಡಾ (ಸೋಡಿಯಂ ಹೈಡ್ರಾಕ್ಸೈಡ್) ನೀರಿಗೆ ಹಾಕಿದ್ರೆ ನೀರು ಕಾದುಬಿಡುತ್ತೆ. ಬಿಸಿ ಬಿಡೋ ಕ್ರಿಯೆಗೆ ಬಿಸಿ ಕೊಟ್ರೆ ಅದು ಹಿಂದಕ್ಕೆ ಹೋಗ್ಬೇಕು ಅಂತ ಲೆ ಶಾಟ್ಲಿಯೇ ತತ್ವ ಹೇಳುತ್ತೆ. ಆ ಪ್ರಕಾರ ಬಿಸಿ ನೀರಲ್ಲಿ ಕಾಸ್ಟಿಕ್ ಸೋಡಾ ಕಮ್ಮಿ ಕರಗ್ಬೇಕು. ಟೇಬಲ್ ನೋಡಿದ್ರೆ ಜಾಸ್ತಿ ಅಂತಿದೆ. ತತ್ವ ತಪ್ಪೋ ಟೇಬಲ್ ತಪ್ಪೋ?

ಉತ್ತರ: ಎರಡೂ ಸರಿ. ಒಳ್ಳೇ ಪ್ರಶ್ನೆ ಸರ್, ಎಷ್ಟೋ ಪುಸ್ತಕಗಳು "ಬಿಸಿ ಬಿಡೋ ಲವಣ ಬಿಸಿಯಲ್ಲಿ ಕಮ್ಮಿ ಕರಗುತ್ತೆ" ಅಂತ ಒಂದೇ ಸಾಲಲ್ಲಿ ಹೇಳಿ ಮುಗಿಸೋದ್ರಿಂದಲೇ ಇದು ಹುಟ್ಟೋದು.

ನೀವು ಒಂದು ಚಿಟಿಕೆ ಕಾಸ್ಟಿಕ್ ಸೋಡಾನ ಒಂದು ಬೀಕರ್ ಶುದ್ಧ ನೀರಿಗೆ ಹಾಕಿದಾಗ ಬರೋ ಬಿಸಿ, ಅದು ಮೊದಲ ಕಣದ ಕಥೆ. ಒಂದು ಮೋಲ್‌ಗೆ 44 ಕಿಲೋಜೂಲ್ ಚಿಲ್ಲರೆ ಹೊರಗೆ ಬರುತ್ತೆ, ಯಾಕಂದ್ರೆ ಸುತ್ತ ಬೇಕಾದಷ್ಟು ನೀರಿದೆ. ಆದ್ರೆ ವಿಲೀನತೆ ಅನ್ನೋದು ಕೊನೇ ಕಣದ ಕಥೆ, ದ್ರಾವಣ ತುಂಬಿ ಇನ್ನೇನು ಸಾಕು ಅನ್ನೋ ಹೊತ್ತಲ್ಲಿ ಕರಗೋ ಕಣದ್ದು. 20 ಡಿಗ್ರಿಯಲ್ಲಿ 100 ಗ್ರಾಂ ನೀರಿಗೆ 109 ಗ್ರಾಂ ಕಾಸ್ಟಿಕ್ ಸೋಡಾ ಕರಗುತ್ತೆ. ಲೆಕ್ಕ ಹಾಕಿ: 100 ಗ್ರಾಂ ನೀರು ಅಂದ್ರೆ 5.5 ಮೋಲ್, 109 ಗ್ರಾಂ ಸೋಡಾ ಅಂದ್ರೆ 2.7 ಮೋಲ್. ಒಂದೊಂದು ಸೋಡಿಯಂ–ಹೈಡ್ರಾಕ್ಸೈಡ್ ಜೋಡಿ ಪಾಲಿಗೆ ಬರೋದು ಎರಡೇ ಎರಡು ನೀರಿನ ಅಣು! ಸುತ್ತುವರಿಯೋಕೆ ನೀರೇ ಇಲ್ಲ, ಇನ್ನು ಆ ಮೊದಲಿನ ಬಿಸಿ ಎಲ್ಲಿಂದ ಬರ್ಬೇಕು? ಸಾಲದ್ದಕ್ಕೆ ಆ ತಾಪಮಾನದಲ್ಲಿ ತಳದಲ್ಲಿ ಕೂರೋದು ಒಣ ಸೋಡಾ ಅಲ್ಲ, ಒಂದು ನೀರಿನ ಅಣು ಹಿಡ್ಕೊಂಡಿರೋ ಹರಳು. ಅದು ತುಂಬಿದ ದ್ರಾವಣಕ್ಕೆ ಇಳಿಯೋವಾಗ ಬಿಸಿ ಹೀರುತ್ತೆ. ಲೆ ಶಾಟ್ಲಿಯೇ ತತ್ವನ ಆ ಕೊನೇ ಕಣಕ್ಕೆ ಹಾಕಿ ನೋಡಿ, ಟೇಬಲ್ ಜೊತೆ ಸರಿಯಾಗಿ ಕೂರುತ್ತೆ.

ಇದನ್ನ ಮಾತ್ರ ಮನೇಲಿ ಪರೀಕ್ಷೆ ಮಾಡೋಕೆ ಹೋಗ್ಬೇಡಿ. ಲ್ಯಾಬಲ್ಲೂ ನೀರಿಗೆ ಸೋಡಾನ ಸ್ವಲ್ಪ ಸ್ವಲ್ಪ ಹಾಕ್ಬೇಕೇ ಹೊರತು ಸೋಡಾ ಮೇಲೆ ನೀರು ಸುರಿಯಬಾರದು, ಕುದಿದು ಮುಖಕ್ಕೆ ಹಾರುತ್ತೆ.

ಪ್ರಶ್ನೆ: ಅಡುಗೆ ಉಪ್ಪಿನ ದೊಡ್ಡ ಹರಳು ಬೆಳೆಸೋಣ ಅಂತ ಕುದಿಯೋ ನೀರಲ್ಲಿ ಆದಷ್ಟೂ ಕರಗಿಸಿ ತಣ್ಣಗೆ ಮಾಡಿದೆ. ತಳದಲ್ಲಿ ಒಂಚೂರು ಪುಡಿ ಬಿಟ್ರೆ ಏನೂ ಬರ್ಲಿಲ್ಲ. ಅಣ್ಣ ಸೋಡಿಯಂ ಅಸಿಟೇಟ್ ಕೊಟ್ಟ, ಅದೂ ತಣ್ಣಗಾದ್ಮೇಲೆ ನೀರಿನ ಥರಾನೇ ಇತ್ತು, ಆದ್ರೆ ಕಡ್ಡಿ ತಾಗಿಸಿದ ತಕ್ಷಣ ಇಡೀ ಗ್ಲಾಸು ಗಟ್ಟಿಯಾಗಿ ಬಿಸಿನೂ ಆಯ್ತು. ಏನಿದು?

ಉತ್ತರ: ಉಪ್ಪಿಂದು ಮೊದಲನೇ ಉತ್ತರದಲ್ಲೇ ಇದೆ, 39 ಗ್ರಾಂ ಕರಗಿಸಿ 20 ಡಿಗ್ರಿಗೆ ತಂದ್ರೆ ಹೊರಗೆ ಬರೋದು ಮೂರೇ ಗ್ರಾಂ. ಉಪ್ಪಿನ ಹರಳು ಬೇಕಂದ್ರೆ ತಣ್ಣಗೆ ಮಾಡೋದಲ್ಲ, ನೀರನ್ನ ಆರೋಕೆ ಬಿಡೋದು. ಅಗಲ ಬಾಯಿ ಪಾತ್ರೇಲಿ ಹಾಕಿ ಪೇಪರ್ ಮುಚ್ಚಿ ಅಲ್ಲಾಡಿಸದೇ ವಾರಗಟ್ಟಲೆ ಇಡು. ಸಮುದ್ರದ ನೀರಿಂದ ಉಪ್ಪು ತೆಗೆಯೋರು ಬಿಸಿಲಿಗೆ ಆರಿಸೋದೂ ಇದಕ್ಕೇ, ತಣ್ಣಗೆ ಮಾಡ್ತಾ ಕೂತ್ರೆ ಏನೂ ಗಿಟ್ಟಲ್ಲ. ಪೆಟ್ಲುಪ್ಪಿಗೆ ತದ್ವಿರುದ್ಧ: 80 ಡಿಗ್ರಿ ನೀರು 100 ಗ್ರಾಂ ತಗೊಂಡು 150 ಗ್ರಾಂ ಕರಗಿಸಿ 20ಕ್ಕೆ ತಂದ್ರೆ 118 ಗ್ರಾಂ ಹೊರಗೆ ಬೀಳುತ್ತೆ. ಅದರ ಜೊತೆ ಹತ್ತು ಗ್ರಾಂ ಅಡುಗೆ ಉಪ್ಪು ಕಲಬೆರಕೆ ಆಗಿದ್ರೆ ಆ ಉಪ್ಪು ನೀರಲ್ಲೇ ಉಳಿಯುತ್ತೆ, ಪೆಟ್ಲುಪ್ಪು ಶುದ್ಧ ಆಗುತ್ತೆ.

ಸೋಡಿಯಂ ಅಸಿಟೇಟಲ್ಲಿ ಆಗಿದ್ದು ಅತಿಪರ್ಯಾಪ್ತ ದ್ರಾವಣ. ತಣ್ಣಗಾದಾಗ ಲವಣ ಹೊರಗೆ ಬರ್ಬೇಕಿತ್ತು, ಆದ್ರೆ ಶುರು ಮಾಡೋಕೆ ಒಂದು ಬೀಜ ಬೇಕು, ಒಂದು ಧೂಳು, ಗಾಜಿನ ಮೇಲೊಂದು ಗೀರು, ಇಲ್ಲಾ ಅದೇ ಲವಣದ ಒಂದು ಕಣ. ಬೀಜ ಸಿಗೋ ತನಕ ಎಲ್ಲ ಕಾಯ್ತಾ ಕೂತಿರುತ್ತೆ. ನಿನ್ನ ಕಡ್ಡಿ ತುದೀಲಿ ಬಹುಶಃ ಒಂದು ಪುಟ್ಟ ಹರಳು ಅಂಟಿತ್ತು. ಕರಗೋವಾಗ ಹೀರಿದ್ದ ಬಿಸಿ ಗಟ್ಟಿಯಾಗೋವಾಗ ಹೊರಗೆ ಬಂತು, ಅದು 58 ಡಿಗ್ರಿ ತನಕ ಹೋಗ್ಬಹುದು. ಕೈ ಬೆಚ್ಚಗೆ ಮಾಡೋ ಪ್ಯಾಕೆಟ್‌ಗಳಲ್ಲಿ ಇರೋದು ಇದೇ, ಒಳಗಿರೋ ಲೋಹದ ಬಿಲ್ಲೆನ ಟಕ್ ಅನ್ನಿಸಿದ್ರೆ ಶುರುವಾಗುತ್ತೆ, ಬಿಸಿನೀರಲ್ಲಿ ಪೂರ್ತಿ ಕರಗೋ ತನಕ ಇಟ್ರೆ ಮತ್ತೆ ರೆಡಿ. ಪೂರ್ತಿ ಅಂದ್ರೆ ಪೂರ್ತಿ, ಒಂದೇ ಒಂದು ಕಣ ಉಳಿದ್ರೂ ತಣ್ಣಗಾಗ್ತಿದ್ದ ಹಾಗೇ ತಾನೇ ಗಟ್ಟಿಯಾಗಿಬಿಡುತ್ತೆ.

ಪ್ರಶ್ನೆ: ಗ್ಯಾಸ್‌ಗಳೂ ಬಿಸಿ ನೀರಲ್ಲಿ ಜಾಸ್ತಿ ಕರಗ್ತವಾ?

ಉತ್ತರ: ಇಲ್ಲ, ನಾವು ದಿನಾ ನೋಡೋ ತಾಪಮಾನದಲ್ಲಿ ಉಲ್ಟಾ. ಗಾಳಿಗೆ ತೆರೆದಿಟ್ಟ ಒಂದು ಲೀಟರ್ ಸಿಹಿನೀರಲ್ಲಿ 0 ಡಿಗ್ರಿಗೆ 14.6 ಮಿಲಿಗ್ರಾಂ ಆಮ್ಲಜನಕ ಇದ್ರೆ 30 ಡಿಗ್ರಿಗೆ ಏಳೂವರೆ ಮಿಲಿಗ್ರಾಂ. ನೀರು ಕಾಯಿಸೋವಾಗ ಕುದಿಯೋಕೆ ಎಷ್ಟೋ ಮುಂಚೆನೇ ಪಾತ್ರೆ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟಿಕೊಳ್ಳುತ್ತಲ್ಲ, ಅದು ಆವಿ ಅಲ್ಲ, ನೀರಲ್ಲಿ ಕರಗಿದ್ದ ಗಾಳಿ.